ಕಾಡಿನ ಮಣ್ಣಿಗೆ ಬಾಯಿಕುಕ್ಕೆ

ಎಚ್.ಡಿ. ಕೋಟೆ ದಾಟಿ ನಾಗರಹೊಳೆಯ ಕಾಡಿನ ಕಡೆಗೆ ಹೋದರೆ ತಗ್ಗುಗಳಲ್ಲಿ ಅಲ್ಲಲ್ಲಿ ಹಡ್ಲುಗಳು ಸಿಗುತ್ತವೆ. ಮರವಿಲ್ಲದ, ಕಾಲಿಟ್ಟರೆ ಹೂತುಹೋಗುವ, ಹಸಿರು ಹುಲ್ಲಿನ ಜೌಗು ಬಯಲುಗಳು. ಸಫಾರಿಗೆ ಬಂದವರ ಕಣ್ಣು ಅಲ್ಲಿ ಆನೆಯನ್ನೋ ಕಾಟಿಯನ್ನೋ ಹುಡುಕುತ್ತದೆ. ಮಣ್ಣನ್ನು ನೋಡುವವರು ಯಾರೂ ಇಲ್ಲ. ಹಡ್ಲಿನ ಕೆಸರಿನೊಳಗೆ ಗಾಳಿಯಾಡುವುದಿಲ್ಲ. ಅಲ್ಲಿ ಕೊಳೆಯುವ ಹುಲ್ಲಿನಿಂದ ಮೀಥೇನ್ ಎಂಬ ಬಿಸಿ ಹಿಡಿಯುವ ಅನಿಲ ಹುಟ್ಟಿ, ಗುಳ್ಳೆಯಾಗಿಯೋ ಜೊಂಡಿನ ಟೊಳ್ಳು ಕಾಂಡದ ಮೂಲಕವೋ ಮೇಲಕ್ಕೆ ಬರುತ್ತದೆ. ಅಲ್ಲಿಂದ ಐವತ್ತು ಹೆಜ್ಜೆ ದಿಬ್ಬ ಹತ್ತಿ ತೇಗ, ಮತ್ತಿ, ದಿಂಡಿಗದ ನೆರಳಿಗೆ ಬಂದರೆ ವ್ಯವಹಾರ ತಿರುಗುಮುರುಗು. ಅಲ್ಲಿಯ ಒಣ ಮಣ್ಣು ಮೀಥೇನನ್ನು ಬಿಡುವುದಿಲ್ಲ, ಗಾಳಿಯಿಂದ ಎಳೆದುಕೊಂಡು ತಿನ್ನುತ್ತದೆ.

ತಿನ್ನುವುದು ಮಣ್ಣಲ್ಲ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಗಳು. ವಿಜ್ಞಾನಿಗಳು ಇವನ್ನು ಮೀಥೇನೋಟ್ರೋಫ್ ಎನ್ನುತ್ತಾರೆ. ನಾನು ಮೀಥೇನ್ ತಿನ್ನಿ ಎನ್ನುತ್ತೇನೆ. ಇವುಗಳಿಗೆ ಮೀಥೇನೇ ಅನ್ನ, ಮೀಥೇನೇ ಸೌದೆ. ಅದೇ ಇಂಗಾಲದಿಂದ ಮೈ ಕಟ್ಟಿಕೊಳ್ಳುತ್ತವೆ, ಅದನ್ನೇ ಸುಟ್ಟು ಶಕ್ತಿ ಪಡೆಯುತ್ತವೆ. ಆದರೆ ಈ ಅನ್ನ ಎಷ್ಟು ತೆಳುವಾಗಿ ಸಿಗುತ್ತದೆ ಎಂಬುದನ್ನು ಯೋಚಿಸಿದರೆ ಕನಿಕರ ಹುಟ್ಟುತ್ತದೆ. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಮೀಥೇನ್ ಎರಡಕ್ಕಿಂತಲೂ ತುಸು ಕಡಿಮೆ, ಸುಮಾರು 1.9. ಸುಮಾರು ಮೂರು ಕಿಲೋ ರಾಗಿಯಲ್ಲಿ ಹತ್ತು ಲಕ್ಷ ಕಾಳುಗಳಿರುತ್ತವೆ. ಆ ರಾಶಿಯಲ್ಲಿ ಎರಡು ಸಾಸಿವೆ ಕಾಳು ಬೆರೆಸಿ, ಅವನ್ನು ಹುಡುಕಿ ತಿಂದು ಬದುಕು ಎಂದರೆ ಹೇಗೋ ಹಾಗೆ. ಇಂಥ ಬಡತನದಲ್ಲಿ ಬದುಕುವ ಜೀವಿಯನ್ನು ಪ್ರಯೋಗಾಲಯದಲ್ಲಿ ಒಂಟಿಯಾಗಿ ಬೆಳೆಸುವುದು ದಶಕಗಳ ಕಾಲ ಯಾರಿಗೂ ಕೈಗೂಡಿರಲಿಲ್ಲ. 2019ರಲ್ಲಿ ಉತ್ತರ ನಾರ್ವೆಯ ಟ್ರೊಮ್ಸೊ ಎಂಬಲ್ಲಿ, ಮುಚ್ಚಿಹೋದ ಕಸದ ಗುಡ್ಡೆಯೊಂದರ ಮೇಲ್ಮಣ್ಣಿನಿಂದ ತೆಗೆದ ಮಿಥೈಲೋಕ್ಯಾಪ್ಸ ಗೋರ್ಗೋನ ಎಂಬ ಬ್ಯಾಕ್ಟೀರಿಯ ಬರೀ ಗಾಳಿಯನ್ನು ಉಂಡು ಬೆಳೆಯಬಲ್ಲದು ಎಂದು ತೋರಿಸಲಾಯಿತು. ಕಾಡಿನ ಮಣ್ಣಿನಲ್ಲಿ ಈ ಕೆಲಸ ಮಾಡುವ ಗುಂಪು ಇದರ ಹತ್ತಿರದ ಸಂಬಂಧಿ.

ಜಗತ್ತಿನ ಮಣ್ಣುಗಳೆಲ್ಲ ಸೇರಿ ವರ್ಷಕ್ಕೆ ತಿನ್ನುವ ಮೀಥೇನ್ ಸುಮಾರು 3 ಕೋಟಿ ಟನ್. ವಾತಾವರಣದಿಂದ ತೊಲಗುವ ಒಟ್ಟು ಮೀಥೇನಿನಲ್ಲಿ ಇದು ನೂರಕ್ಕೆ ಐದರಷ್ಟು. ಉಳಿದದ್ದರಲ್ಲಿ ಬಹುಪಾಲು ಗಾಳಿಯಲ್ಲೇ ಹೈಡ್ರಾಕ್ಸಿಲ್ ಎಂಬ ಚುರುಕು ಕಣಕ್ಕೆ ಸಿಕ್ಕಿ ಒಡೆಯುತ್ತದೆ. ನೂರಕ್ಕೆ ಐದು ಎಂದರೆ ಪುಡಿಕಾಸು ಅನ್ನಿಸಬಹುದು. ಈಗ ಲೆಕ್ಕದ ಇನ್ನೊಂದು ಬದಿ ನೋಡಿ: ಹುಟ್ಟುವ ಮೀಥೇನಿಗೂ ತೊಲಗುವ ಮೀಥೇನಿಗೂ ನಡುವಿನ ಅಂತರ, ಅಂದರೆ ಪ್ರತಿ ವರ್ಷ ಗಾಳಿಯಲ್ಲಿ ಉಳಿದುಬಿಡುವ ಹೆಚ್ಚುವರಿ, ಅದೂ ಹೆಚ್ಚುಕಡಿಮೆ ಇದೇ ಅಳತೆಯದು. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯಲ್ಲಿದ್ದ ಮೀಥೇನ್ ಇವತ್ತಿನದರ ಅರ್ಧಕ್ಕಿಂತಲೂ ಕಡಿಮೆ. ಇಪ್ಪತ್ತು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಒಂದು ಕಿಲೋ ಮೀಥೇನ್ ಒಂದು ಕಿಲೋ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಬಿಸಿ ಹಿಡಿಯುತ್ತದೆ. ಸಂಸಾರದಲ್ಲಿ ತಿಂಗಳ ಕೊನೆಗೆ ಸಾವಿರ ರೂಪಾಯಿ ಸಾಲ ಬೀಳುವ ಮನೆಗೆ, ಸಾವಿರ ರೂಪಾಯಿಯ ಚಿಲ್ಲರೆ ಆದಾಯವೂ ನಿಂತುಹೋದರೆ ಸಾಲ ಇಮ್ಮಡಿ. ಮಣ್ಣಿನ ಈ ಚಿಲ್ಲರೆ ಆದಾಯದ ಮಾತನ್ನೇ ನಾನು ಆಡುತ್ತಿರುವುದು.

ಉತ್ಪ್ರೇಕ್ಷೆಯೂ ಬೇಡ. ಒಂದು ಚದರ ಮೀಟರ್ ಕಾಡಿನ ಮಣ್ಣು ದಿನಕ್ಕೆ ಒಂದು ಮಿಲಿಗ್ರಾಂ ಆಸುಪಾಸು ಮೀಥೇನ್ ತಿನ್ನುತ್ತದೆ ಎಂದುಕೊಳ್ಳೋಣ; ಎಕರೆಗೆ ವರ್ಷಕ್ಕೆ ಒಂದೂವರೆ ಕಿಲೋ. ಕೊಟ್ಟಿಗೆಯಲ್ಲಿ ಮೆಲುಕು ಹಾಕುವ ಒಂದು ಹಸು ವರ್ಷಕ್ಕೆ ತೇಗಿ ಬಿಡುವುದೇ ನಲವತ್ತು ಐವತ್ತು ಕಿಲೋ. ಒಂದು ಹಸುವಿನ ತೇಗನ್ನು ನುಂಗಲು ಮೂವತ್ತು ಎಕರೆ ಕಾಡು ಬೇಕು. ನೀರು ನಿಲ್ಲಿಸಿದ ಒಂದು ಎಕರೆ ಭತ್ತದ ಗದ್ದೆ ಒಂದು ಬೆಳೆಗೆ ಬಿಡುವ ಮೀಥೇನೂ ದಕ್ಷಿಣ ಏಷ್ಯಾದ ಸರಾಸರಿ ಹಿಡಿದರೆ ನಲವತ್ತು ಕಿಲೋ ಹತ್ತಿರ. ಮಂಡ್ಯದ ಗದ್ದೆಗಳಿಗೆ ನಾಗರಹೊಳೆಯ ಕಾಡು ಸರಿದೂಗಿಸುತ್ತದೆ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ.

ಇಷ್ಟು ಚಿಕ್ಕ ಬಾಯಿಯನ್ನು ಮುಚ್ಚಲು ಎಷ್ಟು ಸಣ್ಣ ವಸ್ತು ಸಾಕು ಎಂಬುದರಲ್ಲಿ ಈ ಕಥೆಯ ಸ್ವಾರಸ್ಯವಿದೆ. ಹಿಂದೆ ಕಣದಲ್ಲಿ ಹಂತಿ ಕಟ್ಟುವಾಗ ಎತ್ತುಗಳ ಬಾಯಿಗೆ ಹಗ್ಗದ ಕುಕ್ಕೆ ಹಾಕುತ್ತಿದ್ದರು. ರಾಶಿಯ ಮೇಲೆಯೇ ನಡೆದಾಡಿದರೂ ಎತ್ತಿಗೆ ಒಂದು ಕಾಳು ಸಿಗುತ್ತಿರಲಿಲ್ಲ. ಕಾಡಿನ ಮಣ್ಣಿನ ಮೀಥೇನ್ ತಿನ್ನಿಗಳಿಗೆ ಅಂಥ ಕುಕ್ಕೆ ಹಾಕುವ ರಾಸಾಯನಿಕಗಳಲ್ಲಿ ಮೊದಲನೆಯದು ನಮ್ಮೆಲ್ಲರ ಮನೆಯ ಜಗುಲಿಯಲ್ಲಿ ಇರುವಂಥದ್ದೇ.

ಮದ್ದೂರಿನ ಬಳಿಯ ನಮ್ಮ ಗದ್ದೆಗೆ ಮೇಲುಗೊಬ್ಬರ ಹಾಕುವ ದಿನ ಚಿಕ್ಕಪ್ಪ ಮೂಟೆಯ ಹೊಲಿಗೆ ಬಿಚ್ಚಿ, ಬಿಳಿ ಕಾಳನ್ನು ಪ್ಲಾಸ್ಟಿಕ್ ಬುಟ್ಟಿಗೆ ಸುರಿದುಕೊಂಡು, ಬದುವಿನಿಂದ ಇಳಿದು ಎರಚುತ್ತಾ ಹೋಗುತ್ತಾರೆ. ಮುಂಗೈ ತಿರುಗಿಸುವ ಆ ಲಯ ನನಗೆ ಇನ್ನೂ ಬಂದಿಲ್ಲ; ನಾನು ಎರಚಿದರೆ ಪೈರು ಪಟ್ಟೆ ಪಟ್ಟೆಯಾಗಿ ಏಳುತ್ತದೆ. ಮೂಟೆ ಈಗ 45 ಕಿಲೋದ್ದು. ಯೂರಿಯಾದಲ್ಲಿ ನೂರಕ್ಕೆ 46ರಷ್ಟು ಸಾರಜನಕ, ಅಂದರೆ ಮೂಟೆಯೊಂದಕ್ಕೆ 20.7 ಕಿಲೋ. ಮಣ್ಣಿಗೆ ಬಿದ್ದ ಯೂರಿಯಾವನ್ನು ಅಲ್ಲಿಯ ಕಿಣ್ವಗಳು ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ ಒಡೆಯುತ್ತವೆ. ಬಿಸಿಲಿನಲ್ಲಿ, ನಿಂತ ನೀರಿನ ಮೇಲೆ ಎರಚಿದ್ದರಲ್ಲಿ ಒಂದು ಪಾಲು ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ. ನೆನೆದ ಮೂಟೆಯ ಬಾಯಿಗೆ ಮೂಗಿಟ್ಟರೆ ಕಣ್ಣಲ್ಲಿ ನೀರು ತರಿಸುವುದು ಅದೇ.

ಮೀಥೇನ್ ತಿನ್ನಿಗಳ ಬಾಯಿ ಎಂದು ಇಷ್ಟು ಹೊತ್ತು ಹೇಳಿದ್ದು ನಿಜವಾಗಿ ಒಂದು ಕಿಣ್ವ: ಮೀಥೇನ್ ಮೊನೊಆಕ್ಸಿಜಿನೇಸ್. ಮೀಥೇನ್ ಎಂಬುದು ಒಂದು ಇಂಗಾಲಕ್ಕೆ ನಾಲ್ಕು ಜಲಜನಕ ಅಂಟಿಕೊಂಡ ಗಟ್ಟಿ ಅಣು, ಸುಲಭಕ್ಕೆ ಒಡೆಯದು. ಈ ಕಿಣ್ವ ತಾಮ್ರದ ನೆರವಿನಿಂದ ಅದಕ್ಕೆ ಒಂದು ಆಮ್ಲಜನಕ ತುರುಕಿ ಮಿಥನಾಲ್ ಮಾಡುತ್ತದೆ. ಅಲ್ಲಿಂದ ಮುಂದಿನದೆಲ್ಲ ಇಳಿಜಾರಿನ ದಾರಿ. ತೊಂದರೆ ಏನೆಂದರೆ ಅಮೋನಿಯ ಅಣುವೂ ಗಾತ್ರದಲ್ಲಿ, ಆಕಾರದಲ್ಲಿ ಮೀಥೇನನ್ನೇ ಹೋಲುತ್ತದೆ. ಕಿಣ್ವಕ್ಕೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಮೋನಿಯವೂ ಬಂದು ಅದೇ ಜಾಗದಲ್ಲಿ ಕೂರುತ್ತದೆ. ಮೀಥೇನ್ ಹೊರಗೆ ನಿಲ್ಲುತ್ತದೆ. ಮೂರು ಕಿಲೋ ರಾಗಿಯಲ್ಲಿ ಎರಡು ಸಾಸಿವೆ ಹುಡುಕುವವನ ಮುಂದೆ ಸಾಸಿವೆಯಂತೆಯೇ ಕಾಣುವ ಕಲ್ಲಿನ ಹರಳನ್ನು ಒಂದು ಹಿಡಿ ಸುರಿದ ಹಾಗೆ.

ಬರೀ ಜಾಗದ ಜಗಳವಾಗಿದ್ದರೆ ಅಮೋನಿಯಂ ಕರಗಿದ ಮೇಲೆ ಎಲ್ಲ ಸರಿಹೋಗಬೇಕಿತ್ತು. ಹೋಗುವುದಿಲ್ಲ. ತಪ್ಪಿ ನುಂಗಿದ ಅಮೋನಿಯವನ್ನು ಕಿಣ್ವ ಹೈಡ್ರಾಕ್ಸಿಲಮೀನ್ ಮಾಡುತ್ತದೆ, ಅದು ಮುಂದೆ ನೈಟ್ರೈಟ್ ಆಗುತ್ತದೆ. ಎರಡೂ ಆ ಜೀವಕೋಶಕ್ಕೆ ವಿಷ. ಅಮೆರಿಕದ ಮೇಯ್ನ್ ರಾಜ್ಯದ ಕಾಡಿನ ಮಣ್ಣಿನ ಮೇಲೆ ಕೆಲಸ ಮಾಡಿದ ಗ್ಯಾರಿ ಕಿಂಗ್ ಮತ್ತು ಸಿಲ್ವಿಯಾ ಶ್ನೆಲ್ 1994ರಲ್ಲಿ ತೋರಿಸಿದ ಸಂಗತಿಯನ್ನು ನಾನು ಎರಡು ಸಲ ಓದಿ ನಂಬಬೇಕಾಯಿತು. ಜಾಗಕ್ಕಾಗಿ ಪೈಪೋಟಿ ಎಂದಾದರೆ ಗಾಳಿಯಲ್ಲಿ ಮೀಥೇನ್ ಹೆಚ್ಚಿದಷ್ಟೂ ಅದರ ಕೈ ಮೇಲಾಗಬೇಕು, ಅಮೋನಿಯಂನ ಅಡ್ಡಿ ತಗ್ಗಬೇಕು. ಆದದ್ದು ತದ್ವಿರುದ್ಧ: ಮೀಥೇನ್ ಹೆಚ್ಚಿದಂತೆ ಅಡ್ಡಿಯೂ ಹೆಚ್ಚಿತು. ಮೀಥೇನ್ ಉಂಡು ಬಲ ಬಂದ ಕೋಶ ಅದೇ ಬಲದಿಂದ ಅಮೋನಿಯವನ್ನೂ ಹೆಚ್ಚು ಹೆಚ್ಚು ಅರೆದು ತನ್ನ ನೈಟ್ರೈಟ್ ವಿಷವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಾಳಿಯಲ್ಲಿ ಮೀಥೇನ್ ಏರುತ್ತಿರುವ ಕಾಲದಲ್ಲಿ ಇದು ನೆಮ್ಮದಿಯ ಸುದ್ದಿಯಲ್ಲ.

"ಕಾಡಿಗೆ ಯಾರಪ್ಪ ಗೊಬ್ಬರ ಹಾಕುತ್ತಾರೆ?" ಎಂದರು ಚಿಕ್ಕಪ್ಪ, ಇದನ್ನೆಲ್ಲ ಕೇಳಿ. ನ್ಯಾಯವಾದ ಪ್ರಶ್ನೆ. ಯಾರೂ ಹಾಕುವುದಿಲ್ಲ, ಆದರೆ ಬೀಳುತ್ತದೆ. ಗದ್ದೆಯಿಂದ, ಕಬ್ಬಿನ ತೋಟದಿಂದ, ಕೊಟ್ಟಿಗೆಯಿಂದ ಹಾರಿದ ಅಮೋನಿಯವೂ ವಾಹನಗಳ ಹೊಗೆಯ ಸಾರಜನಕದ ಆಕ್ಸೈಡುಗಳೂ ಮಳೆಯಲ್ಲಿ ಕರಗಿ, ಧೂಳಿಗೆ ಅಂಟಿ, ಕಾಡಿನ ಮೇಲೆ ಇಳಿಯುತ್ತವೆ. ಅದರಲ್ಲೂ ಅಮೋನಿಯ ದೂರ ಹೋಗುವ ಜಾತಿಯಲ್ಲ. ಹುಟ್ಟಿದ ಜಾಗದ ಹತ್ತಿರದಲ್ಲೇ ಅದರ ಬಹುಪಾಲು ಕೂತುಬಿಡುತ್ತದೆ. ಮಂಡ್ಯದ ಮೇಲುಕೋಟೆಯ ವನ್ಯಧಾಮವನ್ನು ನೆನೆಯಿರಿ: ಸುತ್ತ ಹೊಲ, ನಡುವೆ ಕುರುಚಲು ಗುಡ್ಡ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹೊಲಗಳು ಕಾಡಿನ ಬೇಲಿಯವರೆಗೂ ಹೋಗುತ್ತವೆ. ಒಳಗಿನ ಹುಲಿಗೆ ಬೇಲಿ ಉಂಟು; ಅಮೋನಿಯಕ್ಕೆ ಇಲ್ಲ.

ಎಷ್ಟು ಬಿದ್ದರೆ ತೊಂದರೆ? ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಫಾರೆಸ್ಟಿನಲ್ಲಿ ಕಾಡಿನ ತುಂಡುಗಳಿಗೆ ಬೇಕೆಂದೇ ಸಾರಜನಕ ಹಾಕಿ ನೋಡಿದ ಸಂಶೋಧಕರು 1989ರಲ್ಲಿ ವರದಿ ಮಾಡಿದ ಪ್ರಕಾರ ಮಣ್ಣಿನ ಮೀಥೇನ್ ಹೀರಿಕೆ ಮೂರನೇ ಒಂದು ಪಾಲು ಕುಸಿಯಿತು. ಅಲ್ಲಿಂದಾಚೆಗೆ ಇಂಥ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದವು. ಅವನ್ನೆಲ್ಲ ಒಟ್ಟಿಗೆ ಇಟ್ಟು 2010ರಲ್ಲಿ ಮಾಡಿದ ವಿಶ್ಲೇಷಣೆಯೊಂದು ಹೇಳಿದ್ದು ಇನ್ನೂ ಕುತೂಹಲಕರ: ಸ್ವಲ್ಪ ಸಾರಜನಕ ಬಿದ್ದರೆ ಮೀಥೇನ್ ತಿನ್ನುವುದು ಹೆಚ್ಚುತ್ತದೆ, ಹೆಚ್ಚು ಬಿದ್ದರೆ ಇಳಿಯುತ್ತದೆ, ತಿರುವು ಇರುವುದು ವರ್ಷಕ್ಕೆ ಹೆಕ್ಟೇರಿಗೆ 100 ಕಿಲೋ ಆಸುಪಾಸಿನಲ್ಲಿ. ಚಿಕ್ಕಪ್ಪನ ಭಾಷೆಗೆ ತಿರುಗಿಸಿದರೆ ಎಕರೆಗೆ ಎರಡು ಮೂಟೆ ಯೂರಿಯಾ. ನೀರಾವರಿ ಭತ್ತಕ್ಕೆ ಕೃಷಿ ವಿಶ್ವವಿದ್ಯಾಲಯದವರು ಶಿಫಾರಸು ಮಾಡುವ ಸಾರಜನಕವೂ ಇಷ್ಟೇ. ಕಬ್ಬಿಗೆ ಅದರ ಎರಡು ಪಟ್ಟಿಗೂ ಮೇಲೆ. ಕಾಡಿನ ಮೇಲೆ ಇಷ್ಟೊಂದು ಬೀಳುವುದಿಲ್ಲ ಎಂಬುದು ನಿಜ. ಆದರೆ ಗದ್ದೆಯಲ್ಲಿ ಬೆಳೆ ಹೀರಿಕೊಂಡು ಕೊಯ್ಲಿನ ಜೊತೆ ಸಾರಜನಕ ಹೊರಗೆ ಹೋಗುತ್ತದೆ; ಕಾಡಿನಲ್ಲಿ ಬಿದ್ದದ್ದರಲ್ಲಿ ಒಂದು ಪಾಲು ಎಲೆಯಾಗಿ, ತರಗಾಗಿ ಮತ್ತೆ ಅಲ್ಲೇ ಬೀಳುತ್ತದೆ. ವರ್ಷದ ಲೆಕ್ಕವಷ್ಟೇ ನೋಡಿದರೆ ಕಾಡಿನ ಉಳಿತಾಯ ಖಾತೆ ಕಾಣುವುದಿಲ್ಲ.

ಅಮೋನಿಯಂ ಇಲ್ಲದ ಬರೀ ಉಪ್ಪೂ ಕುಕ್ಕೆಯೇ. ಪೊಟ್ಯಾಷ್ ಗೊಬ್ಬರವಾದ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪು, ಇವನ್ನು ಹಾಕಿದಾಗಲೂ ಕಾಡಿನ ಮಣ್ಣಿನ ಮೀಥೇನ್ ಹೀರಿಕೆ ಇಳಿಯಿತು. ಉಪ್ಪು ಕೋಶದೊಳಗಿನ ನೀರನ್ನು ಎಳೆಯುತ್ತದೆ. ಜೊತೆಗೆ ಜೇಡಿಮಣ್ಣಿಗೆ ಅಂಟಿಕೊಂಡಿದ್ದ ಅಮೋನಿಯಂ ಅನ್ನು ಬಿಡಿಸಿ ನೀರಿಗೆ ತಳ್ಳುತ್ತದೆ. ಕಾಲುವೆ ಬಯಲಿನ ಚೌಳು ಮಣ್ಣನ್ನು ಕಂಡವರಿಗೆ ಉಪ್ಪಿನ ಗುಣ ಹೊಸದಾಗಿ ಹೇಳಬೇಕಿಲ್ಲ. ಹುಳಿ ಮಣ್ಣುಗಳಲ್ಲಿ ಕರಗಿ ಬರುವ ಅಲ್ಯೂಮಿನಿಯಂ ಕೂಡ ಇದೇ ಸಾಲಿಗೆ ಸೇರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಯೂರಿಯಾ ಖಳನಾಯಕ ಎಂದು ತೀರ್ಪು ಬರೆದು ಎದ್ದು ಹೋಗಬಹುದಿತ್ತು. ಮಂಡ್ಯದ ಗದ್ದೆ ಅದಕ್ಕೆ ಬಿಡುವುದಿಲ್ಲ.

ಭತ್ತದ ಗದ್ದೆಯಲ್ಲೂ ಮೀಥೇನ್ ತಿನ್ನಿಗಳಿವೆ, ಬೇರಿನ ಸುತ್ತ. ಭತ್ತದ ಗಿಡ ತನ್ನ ಟೊಳ್ಳು ಕಾಂಡದಿಂದ ಬೇರಿಗೆ ಗಾಳಿ ಇಳಿಸುತ್ತದೆ. ಬೇರಿನ ಸುತ್ತಲಿನ ಕೆಸರು ಕೆಂಪಗೆ ತುಕ್ಕು ಹಿಡಿದಂತೆ ಕಾಣುವುದು ಅದಕ್ಕೇ. ಪೈರು ಕಿತ್ತು ನೋಡಿದವರಿಗೆ ಗೊತ್ತು. ಆ ಅಂಚಿನಲ್ಲಿ ಕೂತ ಬ್ಯಾಕ್ಟೀರಿಯಗಳು ಒಂದು ಕಡೆಯಿಂದ ಆಮ್ಲಜನಕ, ಇನ್ನೊಂದು ಕಡೆಯ ಕೆಸರಿನಿಂದ ಬೇಕಾದಷ್ಟು ಮೀಥೇನ್ ಪಡೆದು ಹಬ್ಬದೂಟ ಉಣ್ಣುತ್ತವೆ. ಇವುಗಳಿಗೂ ಅಮೋನಿಯಂ ಅಡ್ಡಿ ಮಾಡುತ್ತದೆ ಎಂದೇ ಎಲ್ಲರೂ ನಂಬಿದ್ದರು. 2000ದಲ್ಲಿ ಪಾಲ್ ಬೊಡೆಲಿಯರ್ ಮತ್ತು ಸಂಗಡಿಗರು ಭತ್ತದ ಬೇರಿನ ಸುತ್ತಲಿನ ಮಣ್ಣಿಗೆ ಅಮೋನಿಯಂ ಗೊಬ್ಬರ ಕೊಟ್ಟು ಅಳೆದಾಗ ಮೀಥೇನ್ ತಿನ್ನುವುದು ತಗ್ಗುವ ಬದಲು ಹೆಚ್ಚಿತು. ಕಾರಣ ಹೊಟ್ಟೆಪಾಡಿನದೇ. ಮೀಥೇನ್ ಧಾರಾಳವಾಗಿರುವ ಕಡೆ ಅಮೋನಿಯ ಬಂದು ಕಿಣ್ವದ ಜಾಗ ಕಸಿಯಲಾರದು. ಅಲ್ಲಿಯ ಕೊರತೆ ಸಾರಜನಕದ್ದು, ಏಕೆಂದರೆ ಭತ್ತದ ಬೇರು ಸುತ್ತಲಿನ ಸಾರಜನಕವನ್ನೆಲ್ಲ ಎಳೆದುಕೊಂಡಿರುತ್ತದೆ. ಬರೀ ಅನ್ನ ಉಂಡು ಸೊರಗಿದವನಿಗೆ ಬೇಳೆ ಸಿಕ್ಕಿದಂತೆ ಈ ಬ್ಯಾಕ್ಟೀರಿಯಗಳು ಗೊಬ್ಬರದಿಂದ ಮೈ ತುಂಬಿಕೊಳ್ಳುತ್ತವೆ.

ಹೀಗಾಗಿ ಒಂದೇ ಮೂಟೆಯ ಒಂದೇ ಹಿಡಿ, ಗದ್ದೆಯ ಬೇರಿನ ಬಳಿ ಬಿದ್ದರೆ ಮೀಥೇನ್ ತಿನ್ನಿಗಳಿಗೆ ಪೌಷ್ಟಿಕ ಆಹಾರ. ಅದರಿಂದ ಹಾರಿದ ಅಮೋನಿಯ ಪಕ್ಕದ ಗುಡ್ಡದ ಮಣ್ಣಿಗೆ ಇಳಿದರೆ ಕುಕ್ಕೆ. "ರಾಸಾಯನಿಕ ಕೆಟ್ಟದ್ದು" ಎಂಬ ಘೋಷಣೆಗೂ "ಗೊಬ್ಬರದಿಂದ ಏನೂ ಆಗುವುದಿಲ್ಲ" ಎಂಬ ಹುಸಿ ಧೈರ್ಯಕ್ಕೂ ನಾನು ತಲೆಯಾಡಿಸದಿರುವುದು ಈ ಕಾರಣಕ್ಕೆ. ಕೇಳಬೇಕಾದ್ದು ಎಷ್ಟು ಗೊಬ್ಬರ ಎಂದಷ್ಟೇ ಅಲ್ಲ, ಎಷ್ಟು ಗದ್ದೆ ಬಿಟ್ಟು ಹಾರಿತು ಎಂದು. ಯೂರಿಯಾವನ್ನು ಕೆಸರಿನೊಳಗೆ ಇಳಿಯುವಂತೆ ಹಾಕಿದರೆ, ಎರಡು ಮೂರು ಕಂತುಗಳಲ್ಲಿ ಹಾಕಿದರೆ ಹಾರುವುದು ಕಡಿಮೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಕಡಿಮೆಯಿದ್ದಾಗ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ಬಿಡುತ್ತಾರೆ, ನಾವೆಲ್ಲ ಬೈದುಕೊಳ್ಳುತ್ತೇವೆ. ಆದರೆ ನಡುವೆ ಗದ್ದೆ ಒಣಗಿ ಮಣ್ಣಿಗೆ ಗಾಳಿಯಾಡಿದರೆ ಮೀಥೇನ್ ಹುಟ್ಟುವುದು ಗಣನೀಯವಾಗಿ ಇಳಿಯುತ್ತದೆ. ಒಣಗಿದ ಗದ್ದೆಯಲ್ಲಿ ಯೂರಿಯಾ ಉಳಿದಿದ್ದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಬಿಸಿ ಅನಿಲ ಏಳುತ್ತದೆ ಎಂಬುದನ್ನೂ ಸೇರಿಸಿಯೇ ಹೇಳಬೇಕು.

2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಅಮೋನಿಯಂ ಬೇಗ ನೈಟ್ರೇಟ್ ಆಗಿ ಕೊಚ್ಚಿಹೋಗದಿರಲಿ ಎಂಬುದು ಅದರ ಉದ್ದೇಶ, ಗದ್ದೆಗೆ ಒಳ್ಳೆಯದೇ. ಇಲ್ಲಿ ಒಂದು ಸೂಕ್ಷ್ಮವಿದೆ. ಅಮೋನಿಯಂ ಅನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಗಳ ಕಿಣ್ವವೂ ಮೀಥೇನ್ ತಿನ್ನಿಗಳ ಕಿಣ್ವವೂ ದಾಯಾದಿಗಳು. ಅದಕ್ಕೇ ನೈಟ್ರಾಪೈರಿನ್‌ನಂಥ, ಒಂದನ್ನು ತಡೆಯಲು ತಯಾರಾದ ಪದಾರ್ಥ ಇನ್ನೊಂದನ್ನೂ ತಡೆಯುತ್ತದೆ. ಅಸಿಟಿಲೀನ್ ಅನಿಲ ಎರಡನ್ನೂ ಕೊಲ್ಲುತ್ತದೆ. ಮಾವು ಹಣ್ಣು ಮಾಡಲು ಕದ್ದುಮುಚ್ಚಿ ಬಳಸುವ ಕ್ಯಾಲ್ಸಿಯಂ ಕಾರ್ಬೈಡಿನಿಂದ ಹೊರಡುವುದು ಇದೇ ಅನಿಲ; ಸಂಶೋಧಕರು ಪ್ರಯೋಗದಲ್ಲಿ ಮೀಥೇನ್ ತಿನ್ನುವುದನ್ನು ಬೇಕೆಂದೇ ನಿಲ್ಲಿಸಲು ಇದನ್ನೇ ಬಳಸುತ್ತಾರೆ. ಹಣ್ಣಿನ ಇನ್ನೊಂದು ಅನಿಲ ಎಥಿಲೀನ್. ಗೊನೆಯಲ್ಲಿ ಒಂದು ರಸಬಾಳೆ ಹಣ್ಣಾದರೆ ಪಕ್ಕದ ಕಾಯಿಗಳೂ ಹಣ್ಣಾಗುವುದು ಅದರಿಂದ. ಮಳೆಯಲ್ಲಿ ನೆನೆದು ಗಾಳಿ ಕಟ್ಟಿಹೋದ ಕಾಡಿನ ಮಣ್ಣಿನಲ್ಲೂ ಸೂಕ್ಷ್ಮಜೀವಿಗಳು ಎಥಿಲೀನ್ ತಯಾರಿಸುತ್ತವೆ, ಅದೂ ಮೀಥೇನ್ ತಿನ್ನುವುದನ್ನು ತಡೆಯುತ್ತದೆ.

ಇದುವರೆಗಿನ ಅಪವಾದಗಳಲ್ಲಿ ಹೆಚ್ಚಿನವು ಮನುಷ್ಯನ ಮೇಲೆ. ಮರವೂ ಸಾಧುವೇನಲ್ಲ.

ಚಾಮುಂಡಿ ಬೆಟ್ಟದ ತಪ್ಪಲಲ್ಲೋ ಯಾವುದಾದರೂ ಹಳೆಯ ತೋಪಿನಲ್ಲೋ ಕೂತು ಅಂಗೈಯಗಲ ನೆಲವನ್ನು ಮೆಲ್ಲಗೆ ಕೆದಕಿ ನೋಡಿ. ಮೇಲೆ ಗರಿಗರಿ ತರಗು. ಅದರಡಿ ಸೋಸಿ ಉಳಿದ ಟೀ ಪುಡಿಯಂಥ ತೇವದ ಕಪ್ಪು ಪದರ. ಬೆರಳಿಗೆ ಅಣಬೆಯ ವಾಸನೆ ಹತ್ತುತ್ತದೆ. ಅದರಡಿ ಕೆಂಪು ಮಣ್ಣು. ಗಾಳಿಗೆ ಹತ್ತಿರವಿರುವ ಮೇಲಿನ ಪದರದಲ್ಲೇ ಮೀಥೇನ್ ತಿನ್ನಿಗಳು ಕಿಕ್ಕಿರಿದಿರಬೇಕು ಅನ್ನಿಸುತ್ತದೆ, ಅಲ್ಲವೇ? ಕಾಡುಗಳಲ್ಲಿ ಅಳೆದವರಿಗೆ ಸಿಕ್ಕಿದ್ದು ಬೇರೆ: ಅವು ಹೆಚ್ಚಾಗಿ ಕೂತಿರುವುದು ಕಪ್ಪು ಪದರದ ಕೆಳಗೆ, ಮಣ್ಣು ಶುರುವಾಗುವ ಮೊದಲ ಕೆಲವು ಸೆಂಟಿಮೀಟರಿನಲ್ಲಿ. ಊಟ ಮೇಲಿನಿಂದ ಬರುವಾಗ ಕೆಳಗಿನ ಪಂಕ್ತಿಯಲ್ಲಿ ಏಕೆ ಕೂರುತ್ತವೆ?

ಮೇಲಿನ ಪದರದಲ್ಲಿ ಕೊಳೆಯುವ ಎಲೆಯಿಂದ ಅಮೋನಿಯಂ ಬಿಡುಗಡೆಯಾಗುತ್ತದೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರಕ್ಕೆ ಮೂಗು ಬೇಕು. ಕರ್ಪೂರ, ಕಿತ್ತಳೆ ಸಿಪ್ಪೆ, ನೀಲಗಿರಿ ಎಣ್ಣೆ, ಬಣ್ಣ ಬಳಿಯುವವರ ಟರ್ಪೆಂಟೈನ್: ಇವುಗಳ ವಾಸನೆಯೆಲ್ಲ ಮೊನೊಟರ್ಪೀನ್ ಎಂಬ ಒಂದೇ ಮನೆತನದ್ದು. ಹತ್ತು ಇಂಗಾಲದ ಈ ಹಾರುವ ಎಣ್ಣೆಗಳನ್ನು ಮರ ತಯಾರಿಸುವುದು ಹುಳ, ಬೂಷ್ಟುಗಳನ್ನು ದೂರ ಇಡಲು. ಎಲೆ ಉದುರಿದಾಗ ಎಣ್ಣೆಯೂ ನೆಲಕ್ಕೆ ಬರುತ್ತದೆ. ಕೆನಡಾದ ಅಮರಾಲ್ ಮತ್ತು ನೋಲ್ಸ್ 1998ರಲ್ಲಿ ಕಾಡಿನ ಮಣ್ಣಿಗೆ ಮೊನೊಟರ್ಪೀನ್‌ಗಳನ್ನು ಕೊಟ್ಟು ನೋಡಿದರು. ಮೀಥೇನ್ ತಿನ್ನುವುದು ತಗ್ಗಿತು. ಹೆಚ್ಚು ಅಡ್ಡಿ ಮಾಡಿದ್ದು ಟರ್ಪೆಂಟೈನಿನ ಮುಖ್ಯ ಅಂಶವಾದ ಪೈನೀನ್. ಹುಳಕ್ಕೆಂದು ಬೀಸಿದ ಕೋಲು ಮಣ್ಣಿನ ಬ್ಯಾಕ್ಟೀರಿಯದ ಬೆನ್ನಿಗೂ ಬಿತ್ತು.

ಮೈಸೂರು ಸೀಮೆಯಲ್ಲಿ ಈ ಮಾತು ಬಂದರೆ ನೀಲಗಿರಿ ಮರ ನೆನಪಾಗದೆ ಇರುವುದಿಲ್ಲ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿ ಬೆಟ್ಟದಲ್ಲಿ ನೆಡಿಸಿದನೆಂದು ಹೇಳಲಾಗುವ ಸಸಿಗಳ ಸಂತತಿ ಇಂದಿಗೂ 'ಮೈಸೂರ್ ಗಮ್' ಎಂದೇ ಹೆಸರಾಗಿದೆ. ಅಂತರ್ಜಲದ ಕಾರಣಕ್ಕೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೀಲಗಿರಿ ಎಲೆಯ ಎಣ್ಣೆಯಲ್ಲಿ ಮುಖ್ಯವಾದದ್ದು ಸಿನಿಯೋಲ್, ಅದೂ ಮೊನೊಟರ್ಪೀನ್ ಮನೆತನದ ಕೂಸು. ಕೆನಡಾದ ಕಾಡಿನ ತೀರ್ಪನ್ನು ಎತ್ತಿ ತಂದು ನಮ್ಮ ನೀಲಗಿರಿ ತೋಪಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಈ ಎಣ್ಣೆಗಳನ್ನೇ ಮೆದ್ದು ಬದುಕುವ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಗಳೂ ಮಣ್ಣಿನಲ್ಲಿವೆ. ಆದರೆ ನೀರಿನ ಲೆಕ್ಕಕ್ಕಾಗಿ ಅಷ್ಟು ಜಗಳವಾಡಿದ ನಾವು ಅದೇ ತೋಪಿನ ನೆಲಕ್ಕೆ ಒಂದು ಡಬ್ಬಿ ಊರಿ ನೋಡುವುದು ಮಿತಿಮೀರಿದ ಬೇಡಿಕೆಯೇನಲ್ಲ.

ಡಬ್ಬಿ ಎಂದದ್ದು ಮಾತಿಗಲ್ಲ. ತಳವಿಲ್ಲದ ಡಬ್ಬಿಯೊಂದನ್ನು ಮಣ್ಣಿಗೆ ಎರಡು ಬೆರಳು ಊರಿ, ಮುಚ್ಚಳ ಬಿಗಿದು, ಹತ್ತು ನಿಮಿಷಕ್ಕೊಮ್ಮೆ ರಬ್ಬರ್ ಬಿರಡೆಯ ಮೂಲಕ ಸಿರಿಂಜಿನಿಂದ ಒಳಗಿನ ಗಾಳಿ ತೆಗೆಯುತ್ತಾರೆ. ಆ ಗಾಳಿಯನ್ನು ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಹಾಕಿದರೆ ಮೀಥೇನ್ ಹತ್ತು ನಿಮಿಷಕ್ಕೆಷ್ಟು ಇಳಿಯಿತೆಂದು ತಿಳಿಯುತ್ತದೆ. ಹಡ್ಲಿನಲ್ಲಿ ಊರಿದ ಡಬ್ಬಿಯಲ್ಲಿ ಗೆರೆ ಏರುತ್ತದೆ, ದಿಬ್ಬದ ಮೇಲಿನದರಲ್ಲಿ ಇಳಿಯುತ್ತದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲೇ ವಿಂಧ್ಯದ ಒಣ ಎಲೆಯುದುರುವ ಕಾಡುಗಳಲ್ಲಿ ಈ ಕೆಲಸ ಮಾಡಿದರು. ಮಣ್ಣು ಒಣಗಿದ ದಿನಗಳಲ್ಲಿ ಹೀರಿಕೆ ಹೆಚ್ಚು, ಮಳೆಗಾಲದಲ್ಲಿ ಕಡಿಮೆ ಎಂದು ಕಂಡರು. ತೇವ ತುಂಬಿದ ಮಣ್ಣಿನ ರಂಧ್ರಗಳಲ್ಲಿ ಗಾಳಿ ಒಳಗಿಳಿಯುವುದು ಕಷ್ಟ. ಎಷ್ಟೇ ಹಸಿದ ಬಾಯಿಯಿದ್ದರೂ ತುತ್ತು ತಲುಪಬೇಕಲ್ಲ. ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಮೀಥೇನ್ ಹೀರಿಕೆ ದಶಕಗಳಿಂದ ಇಳಿಯುತ್ತಿರುವುದನ್ನು 2018ರಲ್ಲಿ ವರದಿ ಮಾಡಿದವರು ಬೆರಳು ತೋರಿಸಿದ್ದು ಹೆಚ್ಚಿದ ಮಳೆಯ ಕಡೆಗೆ, ರಾಸಾಯನಿಕದ ಕಡೆಗಲ್ಲ.

ಕುಕ್ಕೆ ಬಿಚ್ಚಿದರೆ ಎತ್ತು ಕೂಡಲೇ ಮೇಯುತ್ತದೆ. ಮಣ್ಣು ಹಾಗಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಗೋಧಿ ಬೆಳೆದು, ಬೇರೆ ಬೇರೆ ಗೊಬ್ಬರ ಹಾಕುತ್ತಾ ಬಂದಿರುವ ಬ್ರಾಡ್‌ಬಾಕ್ ಎಂಬ ಹೊಲವಿದೆ. ಅದರ ಒಂದು ತುಂಡನ್ನು 1880ರ ದಶಕದಲ್ಲಿ ಉಳದೆ ಬಿಟ್ಟರು. ಅದು ತಾನಾಗಿ ಕಾಡಾಯಿತು. ನೂರು ವರ್ಷದ ನಂತರ ಅಳೆದಾಗ ವರ್ಷವರ್ಷ ಸಾರಜನಕ ಗೊಬ್ಬರ ತಿಂದ ಹೊಲಕ್ಕಿಂತ ಆ ಕಾಡಿನ ಮಣ್ಣು ಎಷ್ಟೋ ಹೆಚ್ಚು ಮೀಥೇನ್ ಹೀರುತ್ತಿತ್ತು. ಡೆನ್ಮಾರ್ಕ್ ಮತ್ತು ಸ್ಕಾಟ್ಲೆಂಡಿನಲ್ಲಿ, ಉಳುಮೆ ನಿಲ್ಲಿಸಿ ಕಾಡಾಗಲು ಬಿಟ್ಟ ಬೇರೆ ಬೇರೆ ವಯಸ್ಸಿನ ಜಮೀನುಗಳನ್ನು ಹೋಲಿಸಿದಾಗ ಹಳೆಯ ಹೀರಿಕೆ ಮರಳಲು ನೂರು ವರ್ಷಕ್ಕೂ ಹೆಚ್ಚು ಬೇಕೆಂದು ಕಂಡಿತು. ಮರ ಮೂವತ್ತು ವರ್ಷಕ್ಕೆ ಮರವಾಗುತ್ತದೆ. ಮಣ್ಣಿಗೆ ಮೊಮ್ಮಗನ ಕಾಲ ಬರಬೇಕು.

ಇದನ್ನು ಓದಿದ ಮೇಲೆ ಸಸಿ ನೆಡುವ ಸಮಾರಂಭಗಳನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದ್ದೇನೆ. ಒಂದು ಕಡೆ ರಸ್ತೆಗೋ ಬಡಾವಣೆಗೋ ಹಳೆಯ ಕುರುಚಲು ಗುಡ್ಡ ಹೋಗುತ್ತದೆ. ಅದಕ್ಕೆ ಬದಲಾಗಿ ಇನ್ನೊಂದು ಕಡೆ ಇಂತಿಷ್ಟು ಸಸಿ ಎಂದು ಕಾಗದದಲ್ಲಿ ಸರಿದೂಗುತ್ತದೆ. ಕುರುಚಲು ಎಂದರೆ ಕಡತದ ಭಾಷೆಯಲ್ಲಿ ಪಾಳು. ಯಾರೂ ಉಳದ, ಗೊಬ್ಬರ ಕಾಣದ ಆ ಪಾಳು ನೆಲದ ಮಣ್ಣೇ ಮೀಥೇನ್ ತಿನ್ನುವುದರಲ್ಲಿ ಪಳಗಿದ್ದು ಎಂಬ ಲೆಕ್ಕಕ್ಕೆ ಕಡತದಲ್ಲಿ ಕಲಮೇ ಇಲ್ಲ.

ಕಳೆದ ಮುಂಗಾರಿಗೆ ಮೊದಲು ಮೇಲುಕೋಟೆ ಕಡೆಯಿಂದ ಬರುವಾಗ ಗೋಮಾಳದಂಥ ಒಂದು ಬೋರೆಯಲ್ಲಿ ಜೆಸಿಬಿ ನಿಂತಿತ್ತು. ಸಾಲಾಗಿ ಗುಂಡಿ ತೋಡುತ್ತಿದ್ದರು, ಸಸಿ ನೆಡಲು. ಬಂದರಿಕೆ, ಕವಳೆ, ಹುಲ್ಲು, ಅದರಡಿಯ ತೆಳುವಾದ ಕಪ್ಪು ಪದರ ಎಲ್ಲ ಗುಡ್ಡೆಯ ತಳ ಸೇರಿ, ಆಳದ ಕೆಂಪು ಮಣ್ಣು ಮೇಲೆ ಬಂದಿತ್ತು. ಗುಂಡಿಯ ಸಾಲಿನ ಕೊನೆಯಲ್ಲಿ ಇಬ್ಬರು ಹೆಂಗಸರು ಬಾಂಡಲಿ ಹಿಡಿದು ಬಗ್ಗಿ, ಪ್ರತಿ ಗುಂಡಿಗೂ ಒಂದೊಂದು ಹಿಡಿ ಹಾಕುತ್ತಾ ಬರುತ್ತಿದ್ದರು. ಏನಮ್ಮ ಅದು ಎಂದು ಕೇಳಿದೆ. "ಡಿಎಪಿ ಅಣ್ಣ, ಗಿಡ ಬೇಗ ಏಳಲಿ ಅಂತ" ಎಂದು ಒಬ್ಬರು ಹೇಳಿ ಮುಂದಿನ ಗುಂಡಿಗೆ ಹೋದರು. ಡೈ ಅಮೋನಿಯಂ ಫಾಸ್ಫೇಟ್, ನೂರಕ್ಕೆ 18 ಭಾಗ ಸಾರಜನಕ, ಅಷ್ಟೂ ಅಮೋನಿಯಂ.